ಬಸುರಿ ಬೊಂಬೆಯ ಸೀಟು

ಶೋಕೇಸಣ್ಣ ಮನೆಯಲ್ಲಿ ಹೇಳುತ್ತಿದ್ದ ಸುಳ್ಳು ಒಂದೇ ಒಂದು. ಆದರೆ ಅದನ್ನು ಭಾನುವಾರ ಬಿಟ್ಟು ದಿನಾ ಹೇಳುತ್ತಿದ್ದ.

ಸಂಜೆ ಬಾಗಿಲು ತೆಗೆಯುತ್ತಲೇ ಹೆಂಡತಿ ಕೇಳುವಳು, "ಸೀಟು ಸಿಕ್ತಾ?"

ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಶೂ ಬಿಚ್ಚುತ್ತ, "ಸಿಗದೆ ಏನು, ಕಿಟಕಿ ಪಕ್ಕಾನೇ" ಎನ್ನುವನು.

ಇಷ್ಟು ಹೇಳುವುದಕ್ಕೆ ಅವನು ಪಡುತ್ತಿದ್ದ ಪಾಡು ಮೆಟ್ಟಿಲ ಕೆಳಗಿನ ಕತ್ತಲೆಗೆ ಮಾತ್ರ ಗೊತ್ತಿತ್ತು. ಅಲ್ಲಿ ನಿಂತು ಅಂಗಿಯ ಸುಕ್ಕು ತೀಡಿಕೊಳ್ಳಬೇಕು. ಕಿತ್ತುಹೋದ ಗುಂಡಿಯ ಜಾಗಕ್ಕೆ ಪಿನ್ನು ಚುಚ್ಚಬೇಕು. ಬೆನ್ನ ಮೇಲೆ ಯಾರದೋ ಚೀಲದ ಬಣ್ಣ ಅಂಟಿದ್ದರೆ ಗೋಡೆಗೆ ಉಜ್ಜಬೇಕು. ಆಮೇಲೆ ಇಡೀ ದಾರಿ ಕೂತು ಬಂದವನ ಮುಖವೊಂದನ್ನು ಹಾಕಿಕೊಂಡು ಮೆಟ್ಟಿಲು ಹತ್ತಬೇಕು. ಬಟ್ಟೆ ಅಂಗಡಿಯ ಗಾಜಿನ ಹಿಂದೆ ಬೊಂಬೆಗಳಿಗೆ ಉಡುಪು ತೊಡಿಸಿ ನಿಲ್ಲಿಸುವುದು ಅವನ ಕಸುಬು. ಅದಕ್ಕೇ ಓಣಿಯವರು ಅವನನ್ನು ಶೋಕೇಸಣ್ಣ ಎನ್ನುತ್ತಿದ್ದರು. ಸಂಜೆ ಹೊತ್ತು ಅವನು ತನ್ನನ್ನೇ ಒಂದು ಬೊಂಬೆ ಮಾಡಿ ಹೆಂಡತಿಯ ಮುಂದೆ ನಿಲ್ಲಿಸುತ್ತಿದ್ದ.

ಸುಳ್ಳಿಗೆ ಕಾರಣ ಮನೆ. ಮೊದಲು ಅವರು ಪೇಟೆಯ ನಡುವೆ, ಹೆಂಡತಿಯ ಅಣ್ಣನ ಮನೆಯ ಹಿಂಭಾಗದಲ್ಲಿದ್ದರು. ಆ ಭಾವ ಒಳ್ಳೆಯವನೇ. ಆದರೆ ಇಡೀ ಮನೆಗೆ ಬಚ್ಚಲು ಒಂದೇ, ಮತ್ತು ಅದರ ಆಡಳಿತ ಭಾವನ ಕೈಯಲ್ಲಿತ್ತು. ಯಾರಾದರೂ ಒಳಗೆ ಹೋಗಿ ಚಿಲಕ ಹಾಕಿದರೆ ಸಾಕು, ಹೊರಗೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹೊಸ ರೈಲು ಬರುತ್ತದೆಂದು ಸುದ್ದಿಯಾದಾಗ ಶೋಕೇಸಣ್ಣ ಊರಾಚೆ ಹೊಸ ಬಡಾವಣೆಯಲ್ಲಿ ಸ್ವಂತ ಬಚ್ಚಲಿರುವ ಮನೆ ಹಿಡಿದ. ಹೆಂಡತಿಗೆ ಇಷ್ಟವಿರಲಿಲ್ಲ. ಅವನು ಇಲ್ಲದ ರೈಲನ್ನು ಅವಳ ಕಣ್ಣ ಮುಂದೆ ಓಡಿಸಿದ. ಒಳಗೆಲ್ಲ ತಂಪು ಕಣೇ, ಕೂತು ಕಣ್ಣು ಮುಚ್ಚೋದು, ಬಿಟ್ಟರೆ ಅಂಗಡಿ. ಅವಳು ಕೊನೆಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಒಂದೇ ಒಂದು ದಿನ ನೀವು ಬಾವಲಿ ಥರ ನೇತಾಡ್ಕೊಂಡು ಬಂದದ್ದು ನನಗೆ ಗೊತ್ತಾಗ್ಲಿ, ಸ್ಟೌ ಸಮೇತ ಅಣ್ಣನ ಮನೆಗೆ ವಾಪಸ್."

ಹೀಗಾಗಿ ಮನೆ ನಿಂತಿದ್ದು ಪಾಯದ ಮೇಲಲ್ಲ, ರೈಲಿನ ಒಂದು ಸೀಟಿನ ಮೇಲೆ. ಆ ಸೀಟಿನಲ್ಲಿ ಶೋಕೇಸಣ್ಣ ಒಮ್ಮೆಯೂ ಕೂತಿರಲಿಲ್ಲ.

ಹೊಸ ಗಾಡಿ ನೋಡಲು ಚಂದವಿತ್ತು, ಇಲ್ಲವೆನ್ನುವ ಹಾಗಿಲ್ಲ. ಬಾಗಿಲು ತಾನೇ ತೆರೆಯುತ್ತಿತ್ತು, ತಾನೇ ಮುಚ್ಚುತ್ತಿತ್ತು. ಒಬ್ಬಳು ಹೆಣ್ಣು ಕಾಣದ ಜಾಗದಿಂದ ಮುಂದಿನ ಸ್ಟೇಷನ್ನಿನ ಹೆಸರನ್ನು ಜೋಗುಳದ ಹಾಗೆ ಹೇಳುತ್ತಿದ್ದಳು. ಹಳೇ ಗಾಡಿಯ ಹಲಗೆ ಬೆಂಚಿನಲ್ಲಿ ನಾಲ್ವರ ಜಾಗಕ್ಕೆ ಆರು ಜನ ಒತ್ತಿಕೊಂಡು ಕೂರಬಹುದಿತ್ತು. ಇಲ್ಲಿ ಗೋಡೆಯುದ್ದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲಿನಂಥ ಸೀಟು ಕೊರೆದಿದ್ದರು. ಅದನ್ನು ಕೊರೆಯುವಾಗ ಅಳತೆ ಕೊಟ್ಟ ಮನುಷ್ಯ ಬಹಳ ದಿನದಿಂದ ಊಟ ಬಿಟ್ಟಿದ್ದವನಿರಬೇಕು. ನಡುವೆ ಉಳಿದ ಖಾಲಿ ಜಾಗವನ್ನು ಜಾಹೀರಾತಿನಲ್ಲಿ ವಿಶಾಲ ಎಂದು ಬರೆದಿದ್ದರು. ಗಾಡಿ ಶೋಕೇಸಣ್ಣನ ಸ್ಟೇಷನ್ನಿಗೆ ಬರುವ ಹೊತ್ತಿಗೆ ಆ ವಿಶಾಲದಲ್ಲಿ ಒಬ್ಬ ಸೀನಿದರೆ ಸಾಲಿಡೀ ತಲೆಬಾಗುತ್ತಿತ್ತು. ಜೇಬಿಗೆ ಕೈ ಹಾಕಿದರೆ ಅದು ನಿಮ್ಮದೇ ಜೇಬು ಎಂಬ ಖಾತ್ರಿ ಇರಲಿಲ್ಲ. ಹಳೇ ಗಾಡಿಯಲ್ಲಿ ಬಾಗಿಲಿಗೆ ಜೋತುಬಿದ್ದರೆ ಗಾಳಿಯಾದರೂ ಸಿಗುತ್ತಿತ್ತು. ಇಲ್ಲಿ ಒಳಗಿದ್ದವರು ಒಳಗೆ, ಹೊರಗುಳಿದ ಅಂಗಿಯ ಚುಂಗು ಹೊರಗೆ.

ಇಂಥ ಕಾಲದಲ್ಲಿ ಅಂಗಡಿ ಮಾಲೀಕ ಎರಡು ಹೊಸ ಕೆಲಸ ಮಾಡಿದ. ಬಡಾವಣೆಯ ಸ್ಟೇಷನ್ನಿನ ಎದುರಿಗೆ ಅಂಗಡಿಯ ಒಂದು ಶಾಖೆ ತೆರೆದ. ಬಸುರಿಯರ ಉಡುಪು ಎಂಬ ಹೊಸ ವಿಭಾಗ ಶುರುಮಾಡಿ, ಅದಕ್ಕೆಂದೇ ಉಬ್ಬಿದ ಹೊಟ್ಟೆಯ ಒಂದು ಬೊಂಬೆ ತಂದ. ಬೊಂಬೆ ದುಬಾರಿಯದು. ಸೊಂಟ, ಮೊಣಕಾಲು, ಕತ್ತು ಎಲ್ಲ ಬಾಗುತ್ತಿದ್ದವು. ಪಾದದ ಕೆಳಗೆ ಸಣ್ಣ ಗಾಲಿಗಳೂ ಇದ್ದವು. ಅಂಗಡಿ ಎರಡು, ಬೊಂಬೆ ಒಂದು. ಮಾಲೀಕ ಇದನ್ನು ಒಂದು ಸಮಸ್ಯೆ ಎಂದುಕೊಳ್ಳಲಿಲ್ಲ. ಶೋಕೇಸಣ್ಣ ಬಡಾವಣೆಯವನು. ದಿನಾ ಬೆಳಿಗ್ಗೆ ಶಾಖೆಯಿಂದ ಎತ್ತಿಕೊಂಡು ಪೇಟೆಗೆ ಬರಲಿ, ಸಂಜೆ ವಾಪಸು ಒಯ್ದು ಅಲ್ಲಿ ನಿಲ್ಲಿಸಲಿ. ಬಸುರಿಯರು ಹಗಲು ಪೇಟೆಯಲ್ಲಿರುತ್ತಾರೆ, ಸಂಜೆ ಬಡಾವಣೆಯಲ್ಲಿರುತ್ತಾರೆ, ಬೊಂಬೆಯೂ ಹಾಗೇ ಇರಬೇಕು ಎಂದು ಅವನು ವ್ಯಾಪಾರದ ಗುಟ್ಟು ಹೇಳಿದ.

ಮೊದಲ ದಿನ ಬೊಂಬೆಯನ್ನು ಕಂಕುಳಲ್ಲಿ ಅಡ್ಡ ಹಿಡಿದು ಹೋದಾಗ ಸ್ಟೇಷನ್ನಿನ ಕಾವಲುಗಾರ ತಡೆದ. ಹೊಸ ಗಾಡಿಯಲ್ಲಿ ಇಷ್ಟುದ್ದದ ಸಾಮಾನಿಗೆ ಅವಕಾಶವಿಲ್ಲ.

"ಸಾಮಾನಲ್ಲ ಸ್ವಾಮಿ, ಬೊಂಬೆ" ಎಂದ ಶೋಕೇಸಣ್ಣ.

"ಟಿಕೆಟ್ಟು ತಗೊಂಡು ನಡ್ಕೊಂಡು ಬಂದ್ರೆ ಮನುಷ್ಯರು. ಹೊತ್ಕೊಂಡು ಬಂದ್ರೆ ಸಾಮಾನು. ಎರಡರಲ್ಲಿ ಒಂದು ಮಾಡಿ" ಎಂದ ಕಾವಲುಗಾರ.

ಶೋಕೇಸಣ್ಣ ಹೇಳಿದ ಮಾತು ಕೇಳುವ ಮನುಷ್ಯ. ಮರುದಿನ ಬೊಂಬೆಗೆ ನೆಲ ಮುಟ್ಟುವ ಗೌನು ತೊಡಿಸಿದ, ತಲೆಗೆ ಶಾಲು ಸುತ್ತಿದ. ಧೂಳು ಕೂರದಿರಲೆಂದು ಮುಖಕ್ಕೊಂದು ಮಾಸ್ಕು, ಬಣ್ಣದ ಕಣ್ಣು ಕೆರೆಯದಿರಲೆಂದು ಕಪ್ಪು ಕನ್ನಡಕ, ಉಗುರು ಮುರಿಯದಿರಲೆಂದು ಕೈಗವಸು. ಟಿಕೆಟ್ಟನ್ನೂ ಕೊಂಡು, ಸೊಂಟ ಹಿಡಿದು ಮೆಲ್ಲಗೆ ತಳ್ಳಿಕೊಂಡು ಹೋದ. ಗಾಲಿಗಳ ಮೇಲೆ ಅವಳು ತೇಲಿದಂತೆ ಸಾಗಿದಳು. ಕಾವಲುಗಾರ ಎದ್ದು ನಿಂತು ದಾರಿ ಬಿಟ್ಟ.

ಗಾಡಿಯೊಳಗೆ ಬೊಂಬೆಯನ್ನು ಹಿಡಿದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಆ ನೂಕಿನಲ್ಲಿ ಜೀವ ಇದ್ದವರೂ ಅಲ್ಲಾಡುತ್ತಿರಲಿಲ್ಲ, ಇಲ್ಲದವಳೂ ಬೀಳುತ್ತಿರಲಿಲ್ಲ. ಯಾರಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಆದರೆ ಬಸುರಿಯರಿಗೆಂದು ಮೀಸಲಿಟ್ಟ ಮೂಲೆಯಲ್ಲಿ ಕೂತಿದ್ದ ಒಬ್ಬಳು ಕಾಲೇಜು ಹುಡುಗಿ ಆ ಹೊಟ್ಟೆ ನೋಡಿ ನಾಚಿ ಎದ್ದಳು. ನಾಲ್ಕಾರು ಕೈಗಳು ಬೊಂಬೆಯನ್ನು ಹಿಡಿದು ಕೂರಿಸಿದವು. ಮೊಣಕಾಲು ಕಟಕ್ ಎಂದಿತು.

ಪಕ್ಕದಲ್ಲಿದ್ದವಳು ಹೆರಿಗೆ ವಾರ್ಡಿನಲ್ಲಿ ಜೀವಮಾನ ಕಳೆದು ನಿವೃತ್ತಳಾದ ಒಬ್ಬ ದಾದಿ. ಮೊಮ್ಮಗುವನ್ನು ನೋಡಿಕೊಳ್ಳಲು ದಿನಾ ಮಗಳ ಮನೆಗೆ ಹೋಗುತ್ತಿದ್ದಳು. ಗಾಡಿಯಲ್ಲಿ ಎಲ್ಲರಿಗೂ ಅವಳು ದಾದಿಯಮ್ಮ. ಹಿಂದೆ ಎರಡು ಸಲ ನೂಕಿನಲ್ಲಿ ಕನ್ನಡಕ ಪುಡಿಯಾದ ಮೇಲೆ ಅವಳು ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು.

"ಮೂಳೆ ಸದ್ದು ಮಾಡ್ತಾ ಇದೆ. ಹಾಲು ಕುಡಿಸಪ್ಪ" ಎಂದಳು. ಮಣಿಕಟ್ಟು ಮುಟ್ಟಿ ನೋಡಿ, "ಎಷ್ಟು ತಣ್ಣಗಿದೆ. ರಕ್ತವೇ ಇಲ್ಲ" ಎಂದಳು. ಅದು ನಿಜವೇ ಆಗಿತ್ತು. "ಆರು ತುಂಬಿದೆ ಅಲ್ವಾ? ನಾನು ನೋಡಿದ್ರೆ ಸಾಕು, ಹೇಳ್ತೀನಿ. ನಿನ್ನ ಹೆಂಡ್ತೀನಾ?"

ಇಲ್ಲಮ್ಮ, ನಮ್ಮಂಗಡಿಯದು ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ದಾದಿಯಮ್ಮನ ಆಚೆ ಕೂತಿದ್ದ ಒಬ್ಬ ದಪ್ಪ ಗೃಹಸ್ಥ ಎದ್ದು, ಗಂಡ ಪಕ್ಕದಲ್ಲಿದ್ದರೆ ಅವರಿಗೂ ಧೈರ್ಯ, ಕೂತ್ಕೊಳ್ಳಿ ಅಣ್ಣ ಎಂದು ಅವನನ್ನು ಭುಜ ಹಿಡಿದು ಒತ್ತಿ ಕೂರಿಸಿದ. ದಾದಿಯಮ್ಮ ಒಂದು ಸೀಟು ಸರಿದು ಗಂಡಹೆಂಡಿರನ್ನು ಒಟ್ಟು ಮಾಡಿದಳು. ಹೊಸ ಗಾಡಿಯ ಸೀಟಿಗೆ ಶೋಕೇಸಣ್ಣನ ಬೆನ್ನು ತಾಗಿದ್ದು ಅದೇ ಮೊದಲು. ತಾಗಿದ ಕೂಡಲೇ ಸತ್ಯ ಹೇಳುವ ಅವನ ಆಸೆ ಹೊರಟುಹೋಯಿತು.

ಸಂಜೆಯ ಗಾಡಿಯಲ್ಲೂ ಹಾಗೇ ಸೀಟು ಸಿಕ್ಕಿತು, ಮೆಟ್ಟಿಲ ಕೆಳಗೆ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ. ಅಂಗಿ ಇಸ್ತ್ರಿಯಲ್ಲೇ ಇತ್ತು. ಹೆಂಡತಿ, ಸೀಟು ಸಿಕ್ತಾ ಎಂದಾಗ ಸಿಕ್ತು ಎಂದ. ಸತ್ಯ ಹೇಳಿ ಅಭ್ಯಾಸ ತಪ್ಪಿದ್ದರಿಂದ ಕೊಂಚ ತೊದಲಿದ. ಅವಳಿಗೆ ಮೊದಲ ಸಲ ಅನುಮಾನ ಬಂದದ್ದು ಆವತ್ತೇ.

ದಿನಗಳು ಹೀಗೆ ಹಾಯಾಗಿ ಸಾಗಿದವು. ಗಾಡಿಯಲ್ಲಿ ಗಂಡಹೆಂಡಿರ ಹೆಸರು ಹರಡಿತು. ಎಂಥ ಸಾಧು ಹೆಂಗಸು ನೋಡಿ, ಇಷ್ಟು ನೂಕಿನಲ್ಲೂ ಒಂದು ಮಾತಿಲ್ಲ, ಮುಖ ಸಿಂಡರಿಸುವುದಿಲ್ಲ ಎಂದು ಗಂಡಸರು ತಮ್ಮ ತಮ್ಮ ಮನೆಗಳಲ್ಲಿ ಹೇಳಿ ಬೈಸಿಕೊಂಡರು. ಒಬ್ಬಾಕೆ ಮಗುವಿಗೆಂದು ಉಣ್ಣೆಯ ಟೋಪಿ ಹೆಣೆಯತೊಡಗಿದಳು. ಕೈ ಆಡಿಸಲು ಜಾಗವಿಲ್ಲದೆ ಸೂಜಿ ಆಗಾಗ ಪಕ್ಕದವರಿಗೆ ಚುಚ್ಚುತ್ತಿತ್ತು, ಅವರು ಮಗುವಿನ ಮುಖ ನೆನೆದು ಸಹಿಸಿಕೊಳ್ಳುತ್ತಿದ್ದರು. ದಪ್ಪ ಗೃಹಸ್ಥ ತನ್ನ ಹೊಟ್ಟೆಯನ್ನೇ ಅಡ್ಡ ಇಟ್ಟು ಅವಳ ಹೊಟ್ಟೆಗೆ ನೂಕು ತಾಗದಂತೆ ಕಾಯುತ್ತಿದ್ದ.

ಆದರೆ ಕೆಲವು ವಾರವಾದ ಮೇಲೆ ದಾದಿಯಮ್ಮ ತಲೆ ಕೆಡಿಸಿಕೊಂಡಳು. "ಏನಪ್ಪ, ಹೊಟ್ಟೆ ಬೆಳೀತಾನೇ ಇಲ್ವಲ್ಲ. ಮಗು ಅಲ್ಲೇ ನಿಂತುಬಿಟ್ಟಿದೆ. ನಾಳೆ ನನ್ನ ಹಳೇ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಡಾಕ್ಟ್ರು ನನ್ನ ಮಾತು ಕೇಳ್ತಾರೆ."

ಶೋಕೇಸಣ್ಣ ಗಾಬರಿಬಿದ್ದು ಆ ಸಂಜೆ ಬೊಂಬೆಯ ಗೌನಿನೊಳಗೆ ಒಂದು ಟವೆಲು ಮಡಚಿ ಕಟ್ಟಿದ. ಮರುದಿನ ದಾದಿಯಮ್ಮ ದೂರದಿಂದಲೇ ನೋಡಿ, ಹಾಲು ಕುಡಿಸಿದ್ದಕ್ಕೆ ಹೇಗೆ ತಿರುಗಿಕೊಂಡಿದೆ ನೋಡು ಎಂದು ಸುತ್ತಲಿನವರಿಗೆ ಪಾಠ ಹೇಳಿದಳು. ಅಂಗಡಿಯಲ್ಲಿ ಮಾಲೀಕನೂ ಗೌನು ಈಗ ತುಂಬಿ ಕೂತಿದೆ ಎಂದು ಮೆಚ್ಚಿದ. ಒಂದು ಟವೆಲಾಯಿತು, ಎರಡಾಯಿತು. ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿದೆ ಎಂದು ದಾದಿಯಮ್ಮ ಘೋಷಿಸಿದ ದಿನ ಟವೆಲಿಗೆ ಮೀರಿದ ಕೆಲಸವಾಯಿತು. ಶೋಕೇಸಣ್ಣ ಮರುದಿನ ಬೆಳಿಗ್ಗೆ ಏಳುತ್ತಲೇ ಹಾಸಿಗೆಯ ಮೇಲಿಂದ ತನ್ನ ದಿಂಬನ್ನೇ ಚೀಲಕ್ಕೆ ಹಾಕಿಕೊಂಡು ಹೊರಟ.

ಹೆಂಡತಿ ಮಧ್ಯಾಹ್ನ ಹಾಸಿಗೆ ಕೊಡವುವಾಗ ದಿಂಬು ಕಾಣಲಿಲ್ಲ. ಗಂಡಸು ಮನೆಯಿಂದ ಮೊದಲು ಮನಸ್ಸು ಒಯ್ಯುತ್ತಾನೆ, ಆಮೇಲೆ ಸಾಮಾನು ಒಯ್ಯುತ್ತಾನೆ ಎಂದು ಅವಳು ಎಲ್ಲೋ ಓದಿದ್ದಳು. ಈ ಮನುಷ್ಯ ನೇರ ದಿಂಬಿಗೇ ಕೈ ಹಾಕಿದ್ದ.

ಇದೇ ಹೊತ್ತಿಗೆ ರೈಲಿನವರಿಗೆ ಒಂದು ಆಸೆ ಹುಟ್ಟಿತು. ಪ್ರಯಾಣಿಕರು ಎಷ್ಟು ಸುಖವಾಗಿದ್ದಾರೆ ಎಂದು ಪ್ರಯಾಣಿಕರ ಬಾಯಿಂದಲೇ ಕೇಳಬೇಕೆಂಬ ಆಸೆ. ಕೇಳುವುದಕ್ಕೆ ಒಬ್ಬಳು ಹುಡುಗಿಯನ್ನು ಕಳಿಸಿದರು. ಅವಳು ಬಾಗಿಲಿಂದ ಒಳಗೆ ಎರಡು ಹೆಜ್ಜೆ ಬರುವಷ್ಟರಲ್ಲಿ ಜನ ಆಡಿದ ಮಾತನ್ನು ಅವಳ ಕೈಯಲ್ಲಿದ್ದ ಯಂತ್ರ ಬರೆದುಕೊಳ್ಳಲು ಒಪ್ಪಲಿಲ್ಲ. ಕೂರಲು ಜಾಗ ಸಾಕೇ ಎಂದು ಕೇಳಿದ್ದಕ್ಕೆ ಒಬ್ಬ, ಕೂರೋದಿರಲಿ, ಎರಡನೇ ಕಾಲು ಊರೋಕೆ ಜಾಗ ಕೊಡಿಸಿ ಎಂದ. ಅಳುಮುಖ ಮಾಡಿಕೊಂಡು ತಳ್ಳಿಸಿಕೊಳ್ಳುತ್ತ ಅವಳು ಬಂದು ನಿಂತದ್ದು ಬೊಂಬೆಯ ಮುಂದೆ.

"ಅವರು ಮಾತಾಡಲ್ಲ" ಎಂದ ಶೋಕೇಸಣ್ಣ.

"ತಲೆ ಆಡಿಸಿದ್ರೂ ಸಾಕು ಸರ್. ಮೇಡಂ, ಸೀಟು ಆರಾಮಾಗಿದೆಯಾ?"

ಗಾಡಿ ಹಳಿ ಬದಲಿಸಿ ಕುಲುಕಿತು. ಬೊಂಬೆಯ ಕತ್ತು ಮುಂದಕ್ಕೆ ಬಾಗಿ ಎದ್ದಿತು.

"ಗಾಳಿ ಬೆಳಕು ಸಾಕಾಗುತ್ತಾ? ಜನಸಂದಣಿಯಿಂದ ತೊಂದರೆ ಇಲ್ಲ ತಾನೇ? ಹೊಸ ಗಾಡಿ ಒಟ್ಟಾರೆ ತೃಪ್ತಿ ತಂದಿದೆಯಾ?"

ಗಾಡಿ ಕುಲುಕುತ್ತಲೇ ಇತ್ತು. ಎಲ್ಲಕ್ಕೂ ಹೌದು, ಹೌದು, ಹೌದು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಬೈಯದೆ ಉತ್ತರ ಕೊಟ್ಟವರು ಇಡೀ ಗಾಡಿಯಲ್ಲಿ ನೀವೊಬ್ಬರೇ ಮೇಡಂ ಎಂದು ಗಂಡಹೆಂಡಿರ ಒಂದು ಫೋಟೋ ತೆಗೆದುಕೊಂಡು ಹೋದಳು.

ಮುಂದಿನ ವಾರ ಎಲ್ಲ ಸ್ಟೇಷನ್ನುಗಳ ಗೋಡೆಗೂ ಆ ಫೋಟೋ ಬಂತು, ಒಬ್ಬ ಆಳಿನಷ್ಟು ಎತ್ತರಕ್ಕೆ. ಕೆಳಗೆ, ಹೊಸ ಗಾಡಿಯ ಅತ್ಯಂತ ತೃಪ್ತ ದಂಪತಿ ಎಂದು ಬರೆದಿತ್ತು. ಶುಕ್ರವಾರ ಬೆಳಿಗ್ಗೆ ಪೇಟೆ ಸ್ಟೇಷನ್ನಿನಲ್ಲಿ ಅವರಿಗೆ ಹಿರಿಯ ಅಧಿಕಾರಿಗಳಿಂದ ಸನ್ಮಾನ ಎಂದೂ ಬರೆದಿತ್ತು. ಚಿತ್ರದಲ್ಲಿ ಶೋಕೇಸಣ್ಣನ ಮುಖ ತೃಪ್ತನ ಮುಖದ ಹಾಗಿರಲಿಲ್ಲ, ಸಿಕ್ಕಿಬಿದ್ದವನ ಹಾಗಿತ್ತು. ತೃಪ್ತಿಯ ಕೆಲಸವನ್ನೆಲ್ಲ ಬೊಂಬೆಯೇ ಮಾಡಿತ್ತು.

ಗುರುವಾರ ಮಧ್ಯಾಹ್ನ ಮೇಲ್ಮನೆಯ ನಿವೃತ್ತ ಮೇಷ್ಟ್ರು ಕೆಳಗಿಳಿದು ಬಂದರು. ಪಾಪ, ಪರರ ಸಂಸಾರದಲ್ಲಿ ತಲೆಹಾಕುವ ಜಾತಿಯಲ್ಲ ಅವರು. ಬೆಳಿಗ್ಗೆಯಿಂದ ಮೂರು ಸಲ ಬಾಗಿಲವರೆಗೆ ಬಂದು ವಾಪಸು ಹೋಗಿದ್ದರು, ಏಕೆಂದರೆ ಮೂರು ಸಲವೂ ಶೋಕೇಸಣ್ಣನ ಹೆಂಡತಿ ಬಚ್ಚಲಲ್ಲಿದ್ದಳು.

"ನಾನು ಹೇಳಬಾರದು ಅಂತಲೇ ಬಂದೆ ಕಣಮ್ಮ" ಎಂದರು.

"ಏನು ಮೇಷ್ಟ್ರೇ?"

"ಅದನ್ನೇ. ಹೇಳಬಾರದು. ಸ್ಟೇಷನ್ ಗೋಡೆ ಮೇಲೆ ಹಾಕಿದ್ದಾರೆ, ಊರೆಲ್ಲ ನೋಡಿದೆ, ಆದ್ರೂ ನನ್ನ ಬಾಯಿಂದ ಬೇಡ. ನಿಮ್ಮ ಯಜಮಾನರು ಒಳ್ಳೆ ಮನುಷ್ಯರು. ಆಕೇನೂ ಒಳ್ಳೆಯವಳ ಥರಾನೇ ಕಾಣ್ತಾಳೆ. ಗೌನು ಸಹ ಅವರ ಅಂಗಡೀದೇ ಹೊಲಿಗೆ, ನಾನು ಗುರುತು ಹಿಡಿದೆ. ದಿನ ತುಂಬಿದ ಹಾಗಿದೆ." ಇಷ್ಟು ಹೇಳಿ ಮೇಷ್ಟ್ರು ಏನನ್ನೂ ಹೇಳದವರ ಹಾಗೆ ನಿಟ್ಟುಸಿರು ಬಿಟ್ಟು ಮೇಲೆ ಹೋದರು.

ಹೆಂಡತಿ ಅಳಲಿಲ್ಲ. ಅವಳು ಅಣ್ಣನಿಗೆ ಫೋನು ಮಾಡಿದಳು. ಆ ಮನುಷ್ಯ ಈ ದಿನಕ್ಕೆ ಎಷ್ಟು ಕಾಲದಿಂದ ಕಾದಿದ್ದನೋ, ಯಾಕೆ ಏನು ಎಂದು ಕೇಳಲೇ ಇಲ್ಲ. ನಾಳೆ ಸಂಜೆಗೆ ಲಾರಿ ತರ್ತೀನಿ, ಪಾತ್ರೆ ಕಟ್ಟಿಡು ಎಂದ. ಸಂಜೆ ಬಾಗಿಲು ತೆಗೆದಾಗ ಅವಳು ಎಂದಿನಂತೆ, "ಸೀಟು ಸಿಕ್ತಾ?" ಎಂದು ಕೇಳಿದಳು. ಸಿಕ್ತು ಎಂದ ಅವನು. "ನಿಮಗೊಬ್ಬರಿಗೇನಾ?" ಎಂದಳು. ಶೋಕೇಸಣ್ಣ ಇನ್ನೊಂದು ಶೂ ಬಿಚ್ಚಿದ. ನಾಳೆಯ ಸನ್ಮಾನದಲ್ಲಿ ಬೊಂಬೆ ಹೇಗೆ ಹಾರ ಹಾಕಿಸಿಕೊಳ್ಳುತ್ತದೆ ಎಂಬ ಚಿಂತೆಯಲ್ಲಿದ್ದ ಅವನು ಆ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಅವನು ಶಾಖೆಯ ಹಿಂಬಾಗಿಲಿಂದ ಬೊಂಬೆಯ ಸೊಂಟ ಬಳಸಿಕೊಂಡು ಹೊರಬರುವುದನ್ನು ಹೆಂಡತಿ ಎದುರಿನ ಕಂಬದ ಮರೆಯಿಂದ ನೋಡಿದಳು. ಶಾಲು ಜಾರಿದ್ದನ್ನು ಅವನು ಅಕ್ಕರೆಯಿಂದ ಸರಿಮಾಡಿದ. ತನ್ನ ಶಾಲನ್ನು ಈ ಮನುಷ್ಯ ಎಂದಾದರೂ ಸರಿಮಾಡಿದ್ದುಂಟೇ ಎಂದು ಅವಳು ಲೆಕ್ಕ ಹಾಕಿದಳು. ಒಂದು ಸಲ ಮಾಡಿದ್ದ, ಅದೂ ಬಾಗಿಲಿಗೆ ಸಿಕ್ಕಿಕೊಂಡಿತ್ತು ಎಂದು.

ಗಾಡಿ ಬಂತು. ಅವನು ಆ ಬಾಗಿಲಲ್ಲಿ ಹತ್ತಿದ, ಅವಳು ಅದೇ ಡಬ್ಬಿಯ ಈ ಬಾಗಿಲಲ್ಲಿ ಹತ್ತಿದಳು. ಹತ್ತಿದಳೆನ್ನುವುದು ತಪ್ಪು, ಹಿಂದಿನವರು ಅವಳನ್ನು ಒಳಗೆ ತುರುಕಿದರು. ಅವಳು ಹೊಸ ಗಾಡಿ ಏರಿದ್ದು ಅದೇ ಮೊದಲು. ಇನ್ನು ಎರಡು ಮಾರು ಮುಂದೆ ಹೋದರೆ ಗಂಡನ ಕೊರಳಪಟ್ಟಿ ಕೈಗೆ ಸಿಗುತ್ತಿತ್ತು. ಆದರೆ ಆ ಎರಡು ಮಾರನ್ನು ದಾಟುವುದು ದೇವರಿಂದಲೂ ಆಗುವ ಕೆಲಸವಾಗಿರಲಿಲ್ಲ. ಒಂದು ಕಾಲು ಯಾರದೋ ಬೂಟಿನ ಮೇಲಿತ್ತು, ಇನ್ನೊಂದು ಎಲ್ಲಿದೆಯೆಂದು ತಿಳಿಯಲಿಲ್ಲ. ಒಬ್ಬನ ಊಟದ ಡಬ್ಬಿ ಪಕ್ಕೆಗೆ ಒತ್ತಿತ್ತು. ಜೋಗುಳದ ಹೆಣ್ಣು, ನಿಮ್ಮ ಪ್ರಯಾಣ ಸುಖಕರವಾಗಿರಲಿ ಎಂದಳು.

ಹೆಂಡತಿ ಮುಂದಿನವನ ಬೆನ್ನಿಗೆ ಹೇಳಿದಳು, "ರೀ ಸ್ವಾಮಿ, ಆ ಮೂಲೇಲಿ ಕೂತಿದ್ದಾರಲ್ಲ ಜೋಡಿ, ಆ ಗಂಡಸಿಗೆ ಹೇಳಿ. ಅವನ ಹೆಂಡ್ತಿ ಬಂದಿದ್ದಾಳೆ ಅಂತ."

ಬೆನ್ನು ತಿರುಗಲು ಜಾಗವಿರಲಿಲ್ಲ, ಅದು ತನ್ನ ಮುಂದಿನ ಬೆನ್ನಿಗೆ ಹೇಳಿತು. ಮಾತು ತಲೆಗಳ ಮೇಲೆ ದಾಟುತ್ತ, ಪ್ರತಿ ತಲೆಯಲ್ಲೂ ಕೊಂಚ ಉಪ್ಪುಖಾರ ಹಚ್ಚಿಸಿಕೊಳ್ಳುತ್ತ ಹೋಯಿತು. ಮೂಲೆ ಮುಟ್ಟುವ ಹೊತ್ತಿಗೆ ಮೊದಲ ಹೆಂಡತಿ ಮೂರು ಮಕ್ಕಳ ಕೈ ಹಿಡಿದುಕೊಂಡು ಬಂದಿದ್ದಳು, ಅವಳ ಅಣ್ಣಂದಿರು ಮುಂದಿನ ಸ್ಟೇಷನ್ನಿನಲ್ಲಿ ಕಾದಿದ್ದರು. ದಪ್ಪ ಗೃಹಸ್ಥ ತನ್ನ ಹೊಟ್ಟೆಯ ಕಾವಲನ್ನು ಹಿಂತೆಗೆದುಕೊಂಡ. ಟೋಪಿ ಹೆಣೆಯುವಾಕೆ ಸೂಜಿಯನ್ನು ಶೋಕೇಸಣ್ಣನ ಕಡೆ ತಿರುಗಿಸಿದಳು.

ಶೋಕೇಸಣ್ಣ ಬೆವರಿ ಕಳಿಸಿದ ಉತ್ತರ ಇಷ್ಟೇ, "ಇದು ಬೊಂಬೆ ಅಂತ ಹೇಳಿ."

ಅದೂ ತಲೆಯಿಂದ ತಲೆಗೆ ಬಂದು ತಲುಪಿತು. ಇವಳು ಬೊಂಬೆಯ ಹಾಗಿದ್ದಾಳಂತೆ, ಅದಕ್ಕೇ ಬಿಡಲಾಗಲಿಲ್ಲವಂತೆ ಎಂದು ಕೊನೆಯ ಬೆನ್ನು ಬಹಳ ಸಂಕೋಚದಿಂದ ಹೇಳಿತು.

"ನನ್ನನ್ನ ಅಲ್ಲಿಗೆ ಕಳಿಸಿ" ಎಂದಳು ಹೆಂಡತಿ. ಆ ದನಿ ಕೇಳಿದ ಮೇಲೆ ಡಬ್ಬಿಯಲ್ಲಿ ಯಾರೂ ಜಾಗವಿಲ್ಲ ಎನ್ನಲಿಲ್ಲ. ಎಂದೂ ಬಾಯಿಗೆ ಕೈ ಒಯ್ಯಲಾಗದಿದ್ದ ಜನ ಅಂದು ಕೈಗಳನ್ನು ಎಲ್ಲಿಂದಲೋ ಎಳೆದು ಮೇಲೆತ್ತಿದರು. ಮೊದಲು ಒಂದು ಹೆಂಗಸರ ಗುಂಪು ಅವಳ ಸೊಂಟ ಹಿಡಿಯಿತು. ಎಚ್ಚರ ಅಕ್ಕ, ಕಂಬಿ ಹಿಡ್ಕೊಳ್ಳಿ, ತಲೆ ತಗ್ಗಿಸಿ ಎನ್ನುತ್ತ ಅವಳನ್ನು ಕೈಯಿಂದ ಕೈಗೆ ದಾಟಿಸಿ, ಶೋಕೇಸಣ್ಣನ ತೊಡೆಯ ಮೇಲೆ ನೆಟ್ಟಗೆ ಇಳಿಸಿದರು.

ಅವಳು ಅವನ ಕಡೆ ನೋಡಲೂ ಇಲ್ಲ. ಪಕ್ಕದವಳ ತೋಳು ಹಿಡಿದು, "ಏಳು ಮೇಲೆ" ಎಂದು ಎಳೆದಳು.

ಕಟಕ್. ತೋಳು ಭುಜದಿಂದ ಕಳಚಿ ಅವಳ ಕೈಗೆ ಬಂತು.

ಒಬ್ಬ ಮೂರ್ಛೆ ಹೋದ. ಬೀಳಲು ಜಾಗವಿಲ್ಲದ್ದರಿಂದ ನಿಂತೇ ಹೋದ. ಅದೇ ಹೊತ್ತಿಗೆ ಗಾಡಿ ಬ್ರೇಕು ಹಾಕಿತು, ಬೊಂಬೆ ಸೀಟಿನಿಂದ ಮುಂದಕ್ಕೆ ಜಾರಿತು, ಗೌನಿನ ಕೆಳಗಿಂದ ಏನೋ ಮೆತ್ತಗಿನದು ಹೊರಬಂತು. ದಾದಿಯಮ್ಮನ ಕೈಗಳು ಯೋಚನೆಗೆ ಕಾಯಲಿಲ್ಲ. ಜೀವಮಾನದ ಅಭ್ಯಾಸದಂತೆ ಮುಂದೆ ಚಾಚಿ ಅದನ್ನು ನೆಲ ಮುಟ್ಟುವ ಮೊದಲೇ ಹಿಡಿದವು. ಕತ್ತಿಗೆ ಆಸರೆ ಕೊಟ್ಟು, ತಿರುಗಿಸಿ, ಬೆನ್ನಿಗೆ ಎರಡು ಏಟು ತಟ್ಟಿದವು.

"ಅಳ್ತಾ ಇಲ್ವಲ್ಲ" ಎಂದಳು ದಾದಿಯಮ್ಮ.

ಹೆಂಡತಿ ಬಾಗಿ ನೋಡಿದಳು. ನೀಲಿ ಹೂವಿನ ಕಸೂತಿ, ಒಂದು ಮೂಲೆಯಲ್ಲಿ ಟೀ ಕಲೆ.

"ಇದು ನಮ್ಮನೆ ದಿಂಬು" ಎಂದಳು.

ಅವಳು ಬೊಂಬೆಯ ಕನ್ನಡಕ ತೆಗೆದಳು, ಮಾಸ್ಕು ತೆಗೆದಳು. ಬಣ್ಣದ ಕಣ್ಣು, ಬಣ್ಣದ ತುಟಿ, ಯಾವ ದೂರೂ ಇಲ್ಲದ ನಗು. ಅವಳು ಅದನ್ನು ನೋಡಿದಳು, ಗಂಡನನ್ನು ನೋಡಿದಳು. ಅವನು ಸೀಟಿನ ಬಟ್ಟಲಲ್ಲಿ ಮುದುಡಿಕೊಂಡು ಮೂರೇ ಮಾತಿನಲ್ಲಿ ಎಲ್ಲವನ್ನೂ ಒಪ್ಪಿಸಿದ. "ಸೀಟು ಸಿಗ್ತಿರಲಿಲ್ಲ ಕಣೇ."

ಮೊದಲು ನಕ್ಕವಳು ಅವಳೇ. ಆಮೇಲೆ ದಪ್ಪ ಗೃಹಸ್ಥನ ಹೊಟ್ಟೆ ಕುಣಿಯಿತು. ಅದು ಕುಣಿದರೆ ಡಬ್ಬಿಯೇ ಕುಣಿಯಬೇಕು, ಅಷ್ಟು ಬಿಗಿಯಾಗಿ ಹೆಣೆದುಕೊಂಡಿದ್ದರು ಜನ. ನಗು ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಹೋಗಿ ತಿರುಗಿ ಬಂತು. ಮೂರ್ಛೆ ಹೋದವನೂ ಎಚ್ಚೆತ್ತು, ಏನಾಯ್ತು ಎಂದು ಕೇಳಿ, ಮೊದಲಿಂದ ನಕ್ಕ. ದಾದಿಯಮ್ಮ ಮಾತ್ರ ಬಹಳ ಹೊತ್ತು ದಿಂಬನ್ನು ಎದೆಗವಚಿಕೊಂಡೇ ಇದ್ದಳು. ಆರು ತುಂಬಿತ್ತು ಅಂತ ಹೇಗೆ ಅನ್ನಿಸ್ತು ನನಗೆ ಎಂದು ತನಗೆ ತಾನೇ ಕೇಳಿಕೊಂಡು, ಕೊನೆಗೆ ಅವಳೂ ನಕ್ಕಳು.

ಪೇಟೆ ಸ್ಟೇಷನ್ನಿನಲ್ಲಿ ಕೆಂಪು ಹಾಸು ಹಾಸಿತ್ತು. ಹೂಗುಚ್ಛ ಹಿಡಿದ ಹಿರಿಯ ಅಧಿಕಾರಿ, ಫೋಟೋದವರು, ಸುಖದ ಬಗ್ಗೆ ಬರೆಯಲು ಬಂದ ಪತ್ರಿಕೆಯವರು ಸಾಲಾಗಿ ನಿಂತಿದ್ದರು. ಬಾಗಿಲು ತೆರೆಯಿತು. ಮೊದಲು ಇಳಿದವಳು ದಾದಿಯಮ್ಮ, ಶಾಲಿನಲ್ಲಿ ಸುತ್ತಿದ ಗಂಟೊಂದನ್ನು ಎದೆಗವಚಿಕೊಂಡು.

ಅಧಿಕಾರಿಯ ಮುಖ ಅರಳಿತು. ಅವರು ಪತ್ರಿಕೆಯವರ ಕಡೆ ತಿರುಗಿದರು. "ನೋಡಿ, ನಮ್ಮ ಗಾಡಿಯಲ್ಲೇ ಹೆರಿಗೆ ಆಗಿದೆ. ಜಾಗ ಇಲ್ಲ, ಜಾಗ ಇಲ್ಲ ಅಂತ ಬರೀತೀರಲ್ಲ. ಹೆರಿಗೆ ಆಗುವಷ್ಟು ಜಾಗ ಇದೆ ಅಂತ ಆಯ್ತಲ್ಲ?"

ಅವಳ ಹಿಂದೆ ಹೆಂಡತಿ ಇಳಿದಳು. ಕೂದಲು ಕೆದರಿತ್ತು, ಒಂದು ಕಾಲಿನ ಚಪ್ಪಲಿ ಗಾಡಿಯಲ್ಲೇ ಉಳಿದಿತ್ತು, ಬೊಂಬೆಯ ತೋಳು ಕಂಕುಳಲ್ಲಿತ್ತು. ಅಧಿಕಾರಿ ಗುರುತು ತಪ್ಪಿ ಹೂಗುಚ್ಛವನ್ನು ಅವಳ ಕೈಗಿಟ್ಟು, ತೃಪ್ತ ಪ್ರಯಾಣಿಕರಾಗಿ ಎರಡು ಮಾತು ಆಡಿ ಮೇಡಂ ಎಂದರು.

"ತೃಪ್ತಿ ಆಗಿರೋದು ನನಗಲ್ಲ ಸ್ವಾಮಿ, ಇವಳಿಗೆ" ಎಂದು ಅವಳು ಹಿಂದೆ ಕೈ ತೋರಿದಳು. ಶೋಕೇಸಣ್ಣ ಒಂಟಿ ತೋಳಿನ, ಬರಿಮುಖದ ಬೊಂಬೆಯನ್ನು ತಳ್ಳಿಕೊಂಡು ಕೆಂಪು ಹಾಸಿನ ಮೇಲೆ ಬಂದು ನಿಂತ. "ನಿಮ್ಮ ಗಾಡೀಲಿ ಸುಖವಾಗಿ ಬರಬೇಕು ಅಂದ್ರೆ ಇಷ್ಟೇ. ಉಸಿರಾಡಬಾರದು."

ಫೋಟೋ ಮಾತ್ರ ಬಹಳ ಚೆನ್ನಾಗಿ ಬಂತು. ಮರುದಿನ ಅದು ಗೋಡೆಗೆ ಬರಲಿಲ್ಲ, ಪತ್ರಿಕೆಗೆ ಬಂತು.

ಆ ಸಂಜೆ ಮನೆಯ ಮುಂದೆ ಲಾರಿ ನಿಂತಿತ್ತು. ಭಾವ ಹಗ್ಗ ಸುತ್ತಿಕೊಂಡು ಬಾಗಿಲಲ್ಲೇ ಕಾದಿದ್ದ. ಮೇಲ್ಮನೆಯ ಮೇಷ್ಟ್ರು ಏನನ್ನೂ ನೋಡಬಾರದೆಂದು ಕುರ್ಚಿ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತಿದ್ದರು. ಶೋಕೇಸಣ್ಣ ಗೇಟಿನ ಹೊರಗೇ ನಿಂತು ಸ್ಟೌ ಮೊದಲು ಹೋಗುತ್ತದೋ ಹಾಸಿಗೆ ಮೊದಲು ಹೋಗುತ್ತದೋ ಎಂದು ನೋಡುತ್ತಿದ್ದ. ಷರತ್ತು ಷರತ್ತೇ. ಬಾವಲಿಯ ಸಂಗತಿ ಈಗ ಅವಳಿಗೆ ಗೊತ್ತಾಗಿತ್ತು.

"ನಾನು ಅವತ್ತೇ ಹೇಳಿದ್ದೆ" ಎಂದ ಭಾವ. "ಆ ಗಾಡಿ ಮನುಷ್ಯರು ಹೋಗೋದಲ್ಲ ಅಂತ. ನಡಿ ತಂಗಿ, ಪಾತ್ರೆ ಎಲ್ಲಿ?"

ಅವಳು ಹೂಗುಚ್ಛವನ್ನು ನೀರಿನ ಚೊಂಬಿಗೆ ಸಿಕ್ಕಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಗಾಡಿ ದರಿದ್ರ, ನಿಜ ಅಣ್ಣ. ಆದ್ರೆ ಕಾಲಿಡೋಕೆ ಜಾಗ ಇಲ್ದಿರೋ ಕಡೆ ಅಷ್ಟು ಜನ ನನಗೆ ದಾರಿ ಮಾಡಿಕೊಟ್ರು. ನಿಮ್ಮನೇಲಿ ಬಚ್ಚಲಲ್ಲಿ ಎರಡು ನಿಮಿಷ ಇರೋಕೂ ನಿನ್ನ ಕೆಮ್ಮು ಬಿಡ್ತಿರಲಿಲ್ಲ. ನಾನು ಬರಲ್ಲ."

ಭಾವ ಗಂಟಲು ಸರಿಮಾಡಿಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಲಾರಿ ಖಾಲಿ ಹೋಗಬಾರದಲ್ಲ. ಹಿಂದೆ ಅವರು ಅವನ ಮನೆಯಿಂದ ತಂದಿದ್ದ ವಸ್ತು ಯಾವುದಾದರೂ ಇದೆಯೇ ಎಂದು ಹುಡುಕಿ, ಬಾಗಿಲ ಪಕ್ಕದ ಸ್ಟೂಲನ್ನು ಗುರುತಿಸಿದ. ಅದನ್ನೊಂದನ್ನೇ ಲಾರಿಯ ನಡುವೆ ಇಟ್ಟು ಹಗ್ಗ ಬಿಗಿದುಕೊಂಡು ಹೋದ. ಹೊಸ ಗಾಡಿಯ ಜಾಹೀರಾತಿನಲ್ಲಿ ಹೇಳಿದ ವಿಶಾಲವಾದ ಜಾಗ ಕಾಣಸಿಕ್ಕಿದ್ದು ಆ ಸ್ಟೂಲಿಗೆ ಮಾತ್ರ.

ಮರುದಿನ ಬೆಳಿಗ್ಗೆ ಶೋಕೇಸಣ್ಣ ತೋಳು ಜೋಡಿಸಿದ ಬೊಂಬೆಯನ್ನು ಮಾಸ್ಕಿಲ್ಲದೆ, ಕನ್ನಡಕವಿಲ್ಲದೆ, ಯಾವ ಮುಚ್ಚುಮರೆಯೂ ಇಲ್ಲದೆ ಗಾಡಿಗೆ ಹತ್ತಿಸಿದ. ಟಿಕೆಟ್ಟು ಕೊಂಡಿದ್ದರಿಂದ ಕಾವಲುಗಾರ ಏನೂ ಅನ್ನಲಿಲ್ಲ. ಇನ್ನು ಇಬ್ಬರೂ ನಿಂತೇ ಹೋಗಬೇಕು ಎಂದು ಅವನು ಕಂಬಿ ಹುಡುಕುತ್ತಿದ್ದಾಗ ದಾದಿಯಮ್ಮ ಮೂಲೆಯಿಂದ ಕೂಗಿದಳು, "ಏನಪ್ಪ, ಅವಳನ್ನ ಅಲ್ಲೇ ನಿಲ್ಲಿಸಿಕೊಂಡಿದ್ದೀಯಲ್ಲ. ಕರ್ಕೊಂಡು ಬಾ."

"ಅಮ್ಮ, ಅದು ಬೊಂಬೆ ಅಂತ ಗೊತ್ತಾಯ್ತಲ್ಲ."

"ಗೊತ್ತು. ಇಷ್ಟು ದಿನ ಬಸುರಿ ಅಂತ ಕೂರಿಸಿದ್ವಿ. ಈಗ ಬಾಣಂತಿ. ಎಬ್ಬಿಸೋಕಾಗುತ್ತಾ?"

ಡಬ್ಬಿಯಿಡೀ ಇದನ್ನು ನ್ಯಾಯವೆಂದು ಒಪ್ಪಿತು. ಹೆಣೆದು ಮುಗಿದಿದ್ದ ಉಣ್ಣೆಯ ಟೋಪಿ ಬೊಂಬೆಯ ತಲೆಗೇ ಹತ್ತಿತು. ಬೊಂಬೆ ಕೂತಿತು. ಅದರ ಪಕ್ಕದ ಸೀಟಿನಲ್ಲಿ ದಪ್ಪ ಗೃಹಸ್ಥ ಕೂತ. ಗಂಡಸಾದವನು ಇನ್ನು ನಿಲ್ಲಬಹುದು, ಹೆರಿಗೆಯಾಯಿತಲ್ಲ ಎಂದು ಅವನು ಶೋಕೇಸಣ್ಣನಿಗೆ ಒಂದು ಕಂಬಿ ತೋರಿಸಿದ. ಅದನ್ನು ಆಗಲೇ ಆರು ಕೈಗಳು ಹಿಡಿದಿದ್ದವು. ಒಂದು ಕೈ ಕೊಂಚ ಸರಿದು ಜಾಗ ಕೊಟ್ಟಿತು.

ಸಂಜೆ ಅವನು ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ. ಎರಡು ಗುಂಡಿ ಹೋಗಿದ್ದವು, ಬೆನ್ನ ಮೇಲೆ ಯಾರದೋ ಚೀಲದ ಹಸಿರು ಬಣ್ಣವಿತ್ತು. ಹಾಗೇ ಮೇಲೆ ಹತ್ತಿದ. ಬಾಗಿಲು ತೆರೆಯಿತು.

"ಸೀಟು ಸಿಕ್ತಾ?"

"ಅವಳಿಗೆ ಸಿಕ್ತು. ನಾನು ನಿಂತೆ."

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಗು ನುಂಗಿ, "ಸುಸ್ತಾಗಿದ್ದೀರಿ. ಕೂತ್ಕೊಳ್ಳಿ" ಎಂದಳು.

ಅವನು ಎಂದಿನಂತೆ ಬಾಗಿಲ ಪಕ್ಕ ಕೂರಲು ಹೋದ. ಸ್ಟೂಲು ಭಾವನ ಮನೆಯಲ್ಲಿತ್ತು. ಶೋಕೇಸಣ್ಣ ನೆಲದ ಮೇಲೆ ದೊಪ್ಪೆಂದು ಕೂತ. ಕಾಲು ಚಾಚಿದ. ಎರಡೂ ಕಾಲು ಪೂರ್ತಿ ಚಾಚಿದವು, ಯಾರಿಗೂ ತಾಗಲಿಲ್ಲ.